ಆರೋ ಒಂಬತ್ತೋ

ಶಿವರಾಂಪೇಟೆಯಲ್ಲಿ ನನ್ನದು ಮೂರಡಿ ಅಂಗಡಿ.
ಮದುವೆಗೆ ಕೊಡುವ ಕೊಳಗ, ತಪ್ಪಲೆ, ತಂಬಿಗೆಗೆ
ಹೆಸರು ಹಾಕುವುದು ಕಸುಬು:
ಯಾರಿಂದ, ಯಾರಿಗೆ, ಯಾವ ತಾರೀಕು.
ಲೋಹವಾದರೂ ಮರೆಯದಿರಲಿ ಅಂತ ಜನ ದುಡ್ಡು ಕೊಡುತ್ತಾರೆ.
ಕೊಟ್ಟವರೂ ತಗೊಂಡವರೂ ಮಾತು ಬಿಟ್ಟ ಮೇಲೂ
ಪಾತ್ರೆಯ ಕಂಠದ ಸುತ್ತ ಇಬ್ಬರೂ ಜೊತೆಗೇ ಇರುತ್ತಾರೆ,
ಹುಣಸೆಹಣ್ಣು ಹಾಕಿ ತಿಕ್ಕಿದಷ್ಟೂ ಹೊಳೆಯುತ್ತಾ.

ದೇವೀರಪ್ಪನವರು ಬ್ಯಾಂಕಿನಲ್ಲಿ ಕ್ಯಾಶಿಯರ್ ಆಗಿದ್ದವರು.
ಬೇರೆಯವರ ದುಡ್ಡು ಎಣಿಸಿ ಎಣಿಸಿ
ನಿವೃತ್ತಿಯಾದ ಮೇಲೆ ನಾಣ್ಯದ ಹುಚ್ಚು ಹಿಡಿಸಿಕೊಂಡರು.
ಕರವಸ್ತ್ರ ಬಿಚ್ಚಿದರು: ಬೆಳ್ಳಿಯ ಹತ್ತು ರೂಪಾಯಿ, ಏಳು.
ಯಾವುದೋ ನೆನಪಿಗೆ ಸರ್ಕಾರ ಹೊಡೆಸಿದ್ದು,
ಒಂದು ಸೇರು ಅಕ್ಕಿಯನ್ನೂ ಕೊಳ್ಳದೆ
ಬೀರುವಿನಲ್ಲೇ ಮುದಿಯಾದವು.
ತೆನೆಯ ಚಿತ್ರದ ಪಕ್ಕ, ಟಂಕಸಾಲೆಯನ್ನು ಕೇಳದೆ,
ಯಾರೋ ಒಂದೊಂದು ಅಂಕಿ ಕುಟ್ಟಿದ್ದರು.
ಎರಡು, ಐದು, ಹದಿನಾಲ್ಕು...
ನಡುನಡುವೆ ಹಲ್ಲುದುರಿದ ಬಾಯಿಯ ಹಾಗೆ.

ಕೇಳಿದವರೆಲ್ಲ ಒಂದೊಂದು ಹೇಳಿದರಂತೆ.
ಗಿರವಿಯವನ ಗುರುತು ಅಂತ ಒಬ್ಬ,
ಕುದುರೆ ರೇಸಿನ ಬಾಜಿ ಲೆಕ್ಕ ಅಂತ ಇನ್ನೊಬ್ಬ.
ಎರಡು ನಾಣ್ಯ ಮಾರಿದ ದೇವಾಜಮ್ಮಣ್ಣಿಯವರು ಮಾತ್ರ
"ಎಣಿಸೋಕೆ ಬರದವರು ಯಾರೋ ಕಲೀತಿದ್ರೇನೋ" ಅಂದರಂತೆ.

ಹದಿನಾಲ್ಕಕ್ಕೆ ಭೂತಗನ್ನಡಿ ಹಿಡಿದೆ.
ನಾಲ್ಕರ ಕಾಲು ಮುರಿದಿತ್ತು.
ಆ ಮುರಿದ ಕಾಲು ನನಗೆ ಗೊತ್ತು,
ದಿನಾ ನನ್ನ ಕೈಯಲ್ಲೇ ಕುಂಟುತ್ತದೆ.

ಕಸುಬು ಕಲಿಸಿದ ಕರೀಂಬಕ್ಷ್ ಸಾಹೇಬರ ಡಬ್ಬಿ ಅದು.
ಸೊನ್ನೆಯೂ ಸೇರಿ ಅಂಕಿಯ ಪಂಚುಗಳು ಒಂಬತ್ತು,
ಅದರಲ್ಲಿ ಒಂಬತ್ತೇ ಇಲ್ಲ.
"ಆರನ್ನ ತಲೆಕೆಳಗೆ ಹಿಡಿಯೋ, ಅದಕ್ಕೇನು ಗೊತ್ತಾಗುತ್ತೆ?"
ಅನ್ನುತ್ತಿದ್ದರು.

ಡಬ್ಬಿ ನಮ್ಮದೇ ಅಂತ ಬಾಯಿಬಿಟ್ಟೆ. ಅದೇ ತಪ್ಪಾಯಿತು.

ರಾತ್ರಿ ಅಟ್ಟದಿಂದ ಅವರ ಲೆಕ್ಕದ ಪುಸ್ತಕ ಇಳಿಸಿದೆ.
ಬಿಂದಿಗೆ ಎರಡು, ಅಕ್ಷರ ಹದಿನಾರು, ದುಡ್ಡು ಬಂತು.
ಹಂಡೆ ಒಂದು, ಅಕ್ಷರ ಹನ್ನೊಂದು, ಬಾಕಿ.
ಒಂದು ಪುಟದ ಬುಡದಲ್ಲಿ, ಸೀಸದಕಡ್ಡಿಯಲ್ಲಿ:
ನಾಣ್ಯ ಹತ್ತೊಂಬತ್ತು. ನಂಬರು ಮಾತ್ರ. ದುಡ್ಡು ಬೇಡ ಅಂದೆ.
ಯಾರು ತಂದರು ಅನ್ನುವ ಜಾಗ ಖಾಲಿ.

ಬೇಡ ಅಂದರಂತೆ!
ಸ್ವಂತ ಭಾವಮೈದುನನ ಚೊಂಬಿಗೂ
ಅಕ್ಷರಕ್ಕಿಷ್ಟು ಅಂತ ಎಣಿಸಿ ತಗೊಂಡ ಮನುಷ್ಯ.
ಯಾರನ್ನು ನೋಡಿ ಆ ಕೈ ಹಿಂದೆ ಸರಿಯಿತು?
ಅನಾಥಾಲಯದ ಮಕ್ಕಳೇ, ಹತ್ತೊಂಬತ್ತು ಜನ?
ಕ್ಷಯದ ಆಸ್ಪತ್ರೆಯ ಒಂದು ಸಾಲು ಮಂಚಗಳೇ?
ಬೀಗ ಬಿದ್ದ ಯಾವುದೋ ಮಿಲ್ಲಿನ ಕೊನೇ ಪಾಳಿಯೇ?
ಅಥವಾ ಜನವೇ ಅಲ್ಲ, ಬರೀ ಹತ್ತೊಂಬತ್ತು ದಿನವೋ.

ಮಾರನೇ ವಾರ ದೇವೀರಪ್ಪನವರು ಬಂದರು,
ಚಹಾ ತರಿಸಿದರು, ದನಿ ಇಳಿಸಿದರು.
"ಹದಿಮೂರು ಎಲ್ಲೂ ಸಿಗ್ತಿಲ್ಲ.
ಡಬ್ಬಿ ಅದೇ ಅಂತೀರಿ...
ಒಂದು ಖಾಲಿ ನಾಣ್ಯ ತಂದಿದೀನಿ."

ಸುಳ್ಳು ಯಾಕೆ ಹೇಳಲಿ,
ಬೆರಳು ತಾನಾಗಿ ಒಂದನ್ನೂ ಮೂರನ್ನೂ ತಡಕಿತು.
ಎರಡೇ ಪೆಟ್ಟು. ಬ್ರಹ್ಮನಿಗೂ ಗೊತ್ತಾಗುತ್ತಿರಲಿಲ್ಲ.
ಆಮೇಲೆ ಅಂದೆ: ಮೂರು ಸವೆದುಹೋಗಿದೆ, ಸಾರ್.
ಅವರು ನಂಬಲಿಲ್ಲ. ಚಹಾದ ದುಡ್ಡು ಅವರೇ ಕೊಟ್ಟರು.
ನಾನು ಪುಸ್ತಕ ತೋರಿಸಲಿಲ್ಲ.

ಮೆಟ್ಟಿಲಿಳಿದು ತಿರುಗಿದರು, ಸಣ್ಣ ಹುಡುಗನ ಮುಖ:
"ಹೋಗಲಿ, ಇದಾದ್ರೂ ಹೇಳಿ. ಆರೋ, ಒಂಬತ್ತೋ?"
ಅಂಚಿಗೆ ಒರಗಿಸಿ ಕುಟ್ಟಿದ ಒಂಟಿ ಅಂಕಿ.
ಅಂಚು ನೆಲ ಅಂದುಕೊಂಡರೆ ಆರು.
ಆಕಾಶ ಅಂದುಕೊಂಡರೆ ಒಂಬತ್ತು.
ಇದು ಮಾತ್ರ ನನಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಸಂಜೆ ಹಾಸ್ಟೆಲ್ ಹುಡುಗಿಯೊಬ್ಬಳು ಸ್ಟೀಲ್ ತಟ್ಟೆ ತಂದಳು.
ಹೆಸರೇನಮ್ಮ ಅಂದೆ.
ಹೆಸರು ಬೇಡ, ನಂಬರು ಹಾಕಿ ಅಂದಳು.
ಯಾವ ನಂಬರು ಅಂತ ಕೇಳಿದೆ.
ಯಾಕೆ ಅಂತ ಕೇಳಲಿಲ್ಲ.