ಎರಡಕ್ಕೂ ಒಂದೇ ಹೆಸರು

ಐದೂಮುಕ್ಕಾಲು. ಕೈಮರದ ಗೇಟಿಗೆ ಇನ್ನೂ ಬೀಗ.
ಬೆನ್ನ ಹಿಂದೆ ಇನ್ನೂರು ಪೌಂಡು ಬ್ರೆಡ್ಡು,
ಒಂಬತ್ತು ಟ್ರೇ ಬನ್ನು, ರಸ್ಕಿನ ಡಬ್ಬಗಳು,
ಭಟ್ಟಿಯ ಬಿಸಿ ಆರದೆ ಟಾರ್ಪಾಲಿನೊಳಗೆ
ಹಬೆಯಾಡುತ್ತಿವೆ. ಮುಂದೆ ಕೂತ ನನಗೆ ಮಾತ್ರ
ಉಗುರೆಲ್ಲ ನೀಲಿ.

ಹೀಟರ್ ಹಾಕಿದರೆ ಮೂರು ಪರ್ಸೆಂಟು ಹೋಗುತ್ತದೆ,
ಹಾಕದಿದ್ದರೆ ಗಾಜು ಕುರುಡು.
ಹಾಕುತ್ತೇನೆ, ಆರಿಸುತ್ತೇನೆ,
ದುಪಟ್ಟಾದ ತುದಿಯಲ್ಲಿ ಒರೆಸುತ್ತೇನೆ.

ಅಬ್ಬಾ ಇದೇ ದಾರಿಯಲ್ಲಿ ಡೀಸೆಲ್ ಗಾಡಿ ಓಡಿಸಿದ್ದು
ಹತ್ತೊಂಬತ್ತು ಚಳಿಗಾಲ.
ರಾತ್ರಿ ಅದನ್ನು ಉಪ್ಪಳ್ಳಿಯ ಇಳಿಜಾರಿನಲ್ಲೇ ಮಲಗಿಸುತ್ತಿದ್ದರು,
ಮೂತಿ ತಗ್ಗಿನ ಕಡೆಗೆ, ಚಕ್ರಕ್ಕೆ ಕಲ್ಲು ಕೊಟ್ಟು.
ಬೆಳಗ್ಗೆ ಕಲ್ಲು ತೆಗೆದರೆ ಉರುಳುತ್ತಾ ಉರುಳುತ್ತಾ
ಕೆಮ್ಮಿ, ಕ್ಯಾಕರಿಸಿ, ಹೊಗೆ ಕಾರಿ
ಕೇರಿಯ ಮುದುಕರ ಜೊತೆಗೇ ಏಳುತ್ತಿತ್ತು.
ಏಳದ ದಿನ ಓಣಿಗೆ ಓಣಿಯೇ ಬಂದು ತಳ್ಳುತ್ತಿತ್ತು,
ಬೈಯುತ್ತಾ, ಅರೆನಿದ್ದೆಯಲ್ಲಿ.

ನನ್ನದಕ್ಕೆ ಯಾರೂ ಬೇಕಿಲ್ಲ.
ಗುಂಡಿ ಒತ್ತಿದರೆ ಪರದೆಯ ಮೇಲೊಂದು ಹಸಿರು ಅಕ್ಷರ.
ಹೊರಟಿತೋ ಇಲ್ಲವೋ ಎಂದು ಬೇಕರಿಯ ಸಾದಿಕ್
ಇವತ್ತಿಗೂ ಬಾನೆಟ್ಟಿಗೆ ಕಿವಿ ಕೊಡುತ್ತಾನೆ.

ಗೇಟು ತೆಗೆದಾಗ ಹತ್ತಿದವರು ಹವಾಲ್ದಾರ್ ಕೆಂಚೇಗೌಡರು.
ಅತ್ತಿಗುಂಡಿಯಲ್ಲಿ ಟೀ ಅಂಗಡಿ,
ನಿನ್ನೆಯ ಕೊನೇ ಬಸ್ಸು ತಪ್ಪಿ ಕಾವಲುಗಾರನ ಬೆಂಕಿಯ ಪಕ್ಕ
ಬೆಳಗು ಮಾಡಿದವರು,
ಬಲಗಾಲಿನ ಎರಡು ಬೆರಳು ಲಡಾಖಿನಲ್ಲೇ ಬಿಟ್ಟು ಬಂದವರು.

"ಅಲ್ಲಿ ರಾತ್ರಿ ಬ್ಯಾಟರಿ ಬಿಚ್ಕೊಂಡು ಬಂದು
ಪಕ್ಕದಲ್ಲೇ ಮಲಗಿಸ್ಕೊಳ್ತಿದ್ವಿ ಕಣಮ್ಮಾ,
ನಮ್ಮ ಕಂಬಳೀನೇ ಹೊದಿಸಿ, ಬಾಣಂತಿ ಕೂಸಿನ ಹಂಗೆ.
ಮನೆಗೆ ಕಾಗದ ಬರೆದೆ, ಇಲ್ಲಿ ವಿಪರೀತ ಮಂಜು ಅಂತ.
ಅವ್ವ ಓದಿಸ್ಕೊಂಡು ಅಂದಳಂತೆ,
ಇಲ್ಲೂ ಅಷ್ಟೇಯ, ಕಣದಲ್ಲಿ ಹರಡಿದ ಕಾಫಿ ಒಣಗ್ತಾನೇ ಇಲ್ಲ."

ನಗುತ್ತಾರೆ. ನನಗೂ ನಗು.
ಎದೆಮಟ್ಟ ಬಿದ್ದು ಗಾಡಿಗಳನ್ನೇ ಹೂಳುವ ಅದಕ್ಕೂ
ಬಿಸಿಲೇರಿದರೆ ಎದ್ದು ಹೋಗುವ ಇದಕ್ಕೂ
ಒಂದೇ ಹೆಸರಿಟ್ಟು ಸುಮ್ಮನಾಗಿದೆ ನಮ್ಮ ಬಾಯಿ.

ಅರವತ್ತೆರಡು. ತಿರುವು. ಐವತ್ತೆಂಟು.
ರಸ್ತೆಯಂಚಿನ ಬಿಳಿ ಗೆರೆ
ಬೊಗಸೆಯಷ್ಟು ಕಾಣುತ್ತದೆ, ಮತ್ತೆ ಬೊಗಸೆಯಷ್ಟು.
ಕವಿಕಲ್ ಗಂಡಿ ಎಡಕ್ಕೆ ಎಲ್ಲೋ ಇರಬೇಕು.
ನಲವತ್ತೊಂಬತ್ತು.

ಅದರಾಚೆಯ ತಿರುವಿನಲ್ಲಿ ಮಂಜು ಗಟ್ಟಿಯಾಯಿತು,
ಕಪ್ಪಗಾಯಿತು.
ಕಾಲು ಬ್ರೇಕಿಗೆ ಹೋದ ಮೇಲೆ ತಿಳಿಯಿತು, ಕಾಟಿ.
ಮೊಣಕಾಲವರೆಗೆ ಬಿಳಿ ಕಾಲುಚೀಲ,
ಬೆನ್ನ ಮೇಲೆ ಹನಿಹನಿ.
ನಾವು ಬಂದದ್ದೇ ಅದಕ್ಕೆ ಕೇಳಿಸಿಲ್ಲ.
ಅಬ್ಬಾನ ಗಾಡಿಯಾಗಿದ್ದರೆ
ಎರಡು ತಿರುವಿನ ಕೆಳಗಿನ ಗದ್ದಲಕ್ಕೇ
ಕಾಡು ಸೇರಿರುತ್ತಿತ್ತು.
ಈಗ ಅದರ ಉಸಿರು, ನಮ್ಮ ಗಾಜು,
ನಡುವೆ ಒಂದೇ ಮಾರು.

"ಹಾರನ್ ಬೇಡ," ಎಂದರು ಗೌಡರು, "ಲೈಟು ಇಳಿಸು."
ಇಳಿಸಿದೆ. ಹೀಟರನ್ನೂ ಆರಿಸಿದೆ.
ನಿಂತ ಈ ಗಾಡಿ ಹೆಚ್ಚುಕಮ್ಮಿ ಏನನ್ನೂ ತಿನ್ನುವುದಿಲ್ಲ,
ಗುರುಗುಡುವುದಿಲ್ಲ, ನಡುಗುವುದಿಲ್ಲ.
ಒಳಗೆ ನಡುಗುತ್ತಿದ್ದವರು ಇಬ್ಬರೇ.
ಕಾಟಿ ಮೂಗೆತ್ತಿತು. ಬನ್ನಿನ ವಾಸನೆ ಇರಬೇಕು.
ನಮ್ಮನ್ನು ನೋಡಿತೋ, ನಮ್ಮ ಹಿಂದಿನ ಬಿಳುಪನ್ನೋ,
ಯಾವ ಅವಸರವೂ ಇಲ್ಲದೆ ಪಕ್ಕದ ಕಮರಿಗೆ
ಒಂದೊಂದೇ ಕಾಲು ಇಳಿಸಿತು.
ತುಂಬಾ ಹೊತ್ತಿನ ಮೇಲೆ, ಆಳದಲ್ಲಿ, ಒಂದು ಕೊಂಬೆ ಮುರಿದ ಸದ್ದು.

ಪರ್ಸೆಂಟು ನೋಡಿದೆ. ನಲವತ್ತೊಂಬತ್ತೇ.

ಅತ್ತಿಗುಂಡಿಯಲ್ಲಿ ಬ್ರೆಡ್ಡು ಇಳಿಸಿ,
ಗೌಡರ ಒಲೆಯ ಮೊದಲ ಟೀ ಕುಡಿದು ಹೊರಟರೆ
ಇಳಿಜಾರಿನುದ್ದಕ್ಕೂ ಅಂಕಿ ಮೇಲೇರುತ್ತದೆ,
ಮೂವತ್ತೆಂಟು, ಮೂವತ್ತೊಂಬತ್ತು.
ಹತ್ತುವಾಗ ಕಿತ್ತುಕೊಂಡದ್ದರಲ್ಲಿ
ಬೆಟ್ಟ ಚೂರುಪಾರು ಹಿಂದಕ್ಕೆ ಕೊಡುತ್ತದೆ.
ಇಳಿಜಾರಿನ ಸಾಲ ಅಬ್ಬಾಗೂ ಗೊತ್ತಿತ್ತು,
ಲೆಕ್ಕ ತೋರಿಸುವ ಪರದೆ ಇರಲಿಲ್ಲ ಅಷ್ಟೇ.

ಬೇಕರಿಯ ಮುಂದೆ ಸಾದಿಕ್ ಖಾಲಿ ಟ್ರೇ ಎಣಿಸುತ್ತಾ ಕೇಳಿದ:
"ಮೇಲೆ ಮಂಜಿತ್ತಾ ಅಕ್ಕಾ?"

ಇತ್ತು, ಎಂದೆ. ಕೊಂಬೂ ಇತ್ತು.