ತೂತಿನ ಕೂಲಿ

ನಲವತ್ತೆರಡು ವರ್ಷ ತೂತು ಮುಚ್ಚಿದ ಕೈ ಇದು.
ಮಂಡ್ಯದ ಗುತ್ತಲು ರಸ್ತೆಯಲ್ಲಿ, ಹುಣಸೆ ಮರದ ಬುಡದಲ್ಲಿ,
ತಿದಿ ಒತ್ತಿ, ತವರ ಕರಗಿಸಿ, ನವಸಾಗರದ ಹೊಗೆ ಕುಡಿದು
ಅರ್ಧ ಊರಿನ ಕೊಡ, ಕೊಳಗ, ಸೀಮೆಎಣ್ಣೆ ಡಬ್ಬ
ಸೋರದಂತೆ ಮಾಡಿದವನು ನಾನು, ದಸ್ತಗೀರ್.
ತೂತಿಗೆ ಎಂಟಾಣೆ. ಬೆರಳು ತೂರಿದರೆ ಒಂದು ರೂಪಾಯಿ.

ಬೆಸುಗೆ ಆರಿದ ಮೇಲೆ ನೀರು ತುಂಬಿ
ಬಿಸಿಲಿಗೆ ಎತ್ತಿ ಹಿಡಿದು ತಳ ನೋಡುತ್ತಿದ್ದೆ.
ಒಂದು ಹನಿ ಇಣುಕಿದರೂ
ಅವತ್ತು ಊಟ ರುಚಿಸುತ್ತಿರಲಿಲ್ಲ.

ಆಮೇಲೆ ಪ್ಲಾಸ್ಟಿಕ್ ಬಂತು.
ಸೋರಿದ್ದನ್ನು ಎಸೆಯುವ ಕಾಲ ಬಂತು.
ತಿದಿಯ ಚರ್ಮ ಇಲಿಗಳ ಪಾಲಾಯಿತು.

ಈಗ ಭಾನುವಾರ ಬೆಳಗಾದರೆ ಬೀದಿಯ ಮಕ್ಕಳು
ನನ್ನ ಜಗುಲಿಯ ಮೇಲೆ ಸಂತೆ ಹೂಡುತ್ತಾರೆ:
ಪೇಂಟ್ ಒಣಗಿದ ಬಕೆಟ್ಟು, ಎಣ್ಣೆಯ ಟಿನ್ನು,
ಕುತ್ತಿಗೆ ಕೊಯ್ದ ಬಾಟಲಿ, ಹಿಡಿ ಮುರಿದ ಮಗ್ಗು,
ಯಾರದೋ ಅಜ್ಜಿಯ ಎಲೆಅಡಿಕೆ ಪೆಟ್ಟಿಗೆ.
ಆಫಿಯಾ ಗಾಜಿನ ಶೀಷೆ ತಂದಿದ್ದಳು.
ಇದಕ್ಕೆ ತೂತಾಗಲ್ಲ ಕಣವ್ವ, ಮೀನು ಸಾಕ್ಕೋ ಅಂದೆ.
ಮೀನು ಕೊಡ್ಸಿ ಹಂಗಾದ್ರೆ, ಅಂದಳು.

'ತಾತ, ತಳಕ್ಕೆ ತೂತು ಹೊಡ್ಕೊಡಿ.'

ಮೊದಲ ದಿನ ಮೊಳೆ ಇಟ್ಟೆ, ಸುತ್ತಿಗೆ ಎತ್ತಿದೆ,
ಎತ್ತಿದ ಕೈ ಇಳಿಯಲಿಲ್ಲ.
ಒಳ್ಳೆಯ ತಗಡು. ಚುಕ್ಕೆ ತುಕ್ಕಿಲ್ಲ.
ಇನ್ನೂ ಹತ್ತು ವರ್ಷ ಬಾಳುವ ಡಬ್ಬ.

'ತೂತಿಲ್ದಿದ್ರೆ ಬೇರು ಕೊಳ್ತೋಯ್ತದೆ ತಾತ.
ನೀರು ನಿಂತ್ರೆ ಗಿಡಕ್ಕೆ ಉಸಿರು ಕಟ್ತದಂತೆ.'
ಮುಂದಿನ ಎರಡು ಹಲ್ಲಿಲ್ಲದ ಆ ಬಾಯಿ
ನನ್ನ ಕಸುಬನ್ನು ಬೋರಲು ಹಾಕಿತು.
ನಾನೂ ಡಬ್ಬವನ್ನು ಬೋರಲು ಹಾಕಿದೆ.
ಟಣ್.
ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು.
ಹಳೇ ಚಾಳಿ, ನೀರು ತುಂಬಿ ಬಿಸಿಲಿಗೆ ಎತ್ತಿದೆ.
ಹನಿ ಇಣುಕಿತು, ಹೊಳೆಯಿತು, ಬಿತ್ತು.
'ಸೋರ್ತು!' ಎಂದು ಕೂಗಿದವನು ನಾನೇ.

ತೂತಿನ ಮೇಲೊಂದು ಹೆಂಚಿನ ಚೂರು:
ಮುಚ್ಚಿದಂತೆಯೂ ಇರಬೇಕು, ಮುಚ್ಚದಂತೆಯೂ.
ಅದರ ಮೇಲೆ ನಾಲೆಯ ಗೋಡುಮಣ್ಣು,
ಮೋಕ್ಷಿತನ ಅಪ್ಪ ಟ್ರಾಕ್ಟರಿನಲ್ಲಿ ತಂದ
ಸಕ್ಕರೆ ಕಾರ್ಖಾನೆಯ ಮಡ್ಡಿ.
ಹುಳಿಹುಳಿ ನಾತ. ಮಕ್ಕಳ ಉಗುರಲ್ಲಿ ಎರಡು ದಿನ ಇರುತ್ತದೆ.

ಮೋಕ್ಷಿತ ಅವತ್ತು ತಂದದ್ದು ಹಳೆಯ ಬಿಸ್ಕತ್ತು ಡಬ್ಬ.
ಒಳಗೆ ಹಿಡಿಯಷ್ಟು ಧನಿಯ ಉಳಿದಿತ್ತು.
ಅದನ್ನೇ ನೆಲಕ್ಕೆ ಸುರಿದು, ಚಪ್ಪಲಿಯಲ್ಲಿ ತಿಕ್ಕಿ
ಎರಡು ಹೋಳು ಮಾಡಿ ಬಿತ್ತಿದ.
ನೀರು ಹಾಕುವಷ್ಟರಲ್ಲಿ ಅವನ ತಾಯಿ ಜಯಶೀಲ
ಒಗ್ಗರಣೆ ಸೌಟಿನ ಸಮೇತ ಬಂದಳು.

'ನಮ್ಮವ್ವನ ಡಬ್ಬ ಕಲಾ ಅದು!'

ತಿರುಗಿಸಿ ನೋಡಿದರೆ ಪಕ್ಕದಲ್ಲಿ
ಮೊಳೆಯಲ್ಲಿ ಕೆರೆದ ಹೆಸರು: ಹೊಂಬಾಳಮ್ಮ.
ಸೊಟ್ಟ ಅಕ್ಷರ. ಬರೆಯಲು ಅಷ್ಟೇ ಕಲಿತ ಕೈಯದು.
'ಮುಚ್ಕೊಡಿ ತಾತ, ನಿಮಗೇನು ಹೊಸದೇ' ಅಂದಳು.
ಏನೆಂದು ಹೇಳಲಿ, ತಿದಿ ಇಲಿ ತಿಂದ ಕತೆಯನ್ನೇ?
ಸುತ್ತಿಗೆಯನ್ನು ತೊಡೆಯ ಕೆಳಗೆ ಬಚ್ಚಿಟ್ಟೆ.
ಹುಡುಗ ಡಬ್ಬವನ್ನು ಅಪ್ಪಿಕೊಂಡು ನಿಂತ,
ಮಣ್ಣುನೀರು ಅವನ ಚಡ್ಡಿಯ ಮೇಲೆ
ಐದು ದಾರಿಯಲ್ಲಿ ಇಳಿಯಿತು.

ಒಂದು ತಿಂಗಳು ಅವಳು ಜಗುಲಿಯತ್ತ ತಿರುಗಲಿಲ್ಲ.
ಡಬ್ಬ ಅಡುಗೆಮನೆಯ ಕಿಟಕಿಯಲ್ಲಿದೆ ಎಂದು
ಗುಟ್ಟಾಗಿ ಆಫಿಯಾ ಹೇಳಿದಳು,
ಉಪ್ಪಿಗೂ ಹುಣಸೆಹಣ್ಣಿಗೂ ನಡುವೆ,
ಮೊದಲಿದ್ದ ಜಾಗದಲ್ಲೇ, ಕೆಳಗೊಂದು ತಟ್ಟೆ ಇಟ್ಟು.

ಮೊನ್ನೆ ಸಂಜೆ ಮೋಕ್ಷಿತ ಬಂದ,
ಪೇಪರಿನಲ್ಲಿ ಸುತ್ತಿದ ಕೊತ್ತಂಬರಿ ಸೊಪ್ಪು,
ಬೇರಿನ ತುಂಬ ಇನ್ನೂ ಹಸಿ ಮಣ್ಣು.

'ಅಮ್ಮ ಕೊಟ್ಟವ್ಳೆ.
ತೂತಿಗೆ ಎಂಟಾಣೆಯಂತೆ, ಐದು ತೂತು.
ಲೆಕ್ಕ ನೋಡ್ಕೊಳಿ ಅಂದ್ಲು.'