ನಾಲ್ಕು ಅಂಕದ ಪ್ರಶ್ನೆ

ದುರ್ಗಿಗುಡಿಯ ಜೆರಾಕ್ಸ್ ಅಂಗಡಿಯಲ್ಲಿ
ನನ್ನ ಅಂಕಪಟ್ಟಿ ಆರು ಸಲ ಬೆಳಕು ನುಂಗಿ
ಆರು ಸಲವೂ ಅದನ್ನೇ ಹೇಳಿತು:
ಚಂಪಕಾ ಡಿ., ದ್ವಿತೀಯ ಪಿಯುಸಿ, ಇಂಗ್ಲಿಷ್ ಮೂವತ್ತೆಂಟು.
ಹಾಳೆ ಇನ್ನೂ ಬಿಸಿಯಿರುವಾಗಲೇ ಹಾಲೇಶಿ ಮಾವ ಓದಿ
"ಕಾಲಿಗೆ ಏಟಾದವಳು ಓಟಕ್ಕೇ ಹೆಸರು ಕೊಡ್ತೀಯಲ್ಲ ಮಾರಾಯ್ತಿ" ಅಂದ.
ದುಡ್ಡು ತಗೊಳ್ಳಲಿಲ್ಲ. ಅದು ಇನ್ನೂ ಚುಚ್ಚಿತು.

ಆವತ್ತು ನಡೆದದ್ದನ್ನು ಮಾವನಿಗೆ ಹೇಗೆ ಹೇಳಲಿ?
ಮಾರ್ಚಿನ ಬಿಸಿಲು, ಎರಡನೇ ಬೆಂಚು,
ಡೆಸ್ಕಿನ ಮೇಲೆ ಯಾರೋ ಕೈವಾರದಲ್ಲಿ ಕೆತ್ತಿದ ಹೃದಯ.
ನಾಲ್ಕು ಅಂಕದ ಪ್ರಶ್ನೆ:
ಪದ್ಯದ ಆ ಮುದುಕಿ ಬಾಗಿಲನ್ನು ಯಾಕೆ ತೆರೆದಿಡುತ್ತಾಳೆ?
ಗೈಡಿನಲ್ಲಿ ಐದು ಪಾಯಿಂಟು ಇತ್ತು, ನನಗೆ ಬಾಯಿಪಾಠವೂ ಇತ್ತು.
ಬರೆಯಲು ಕೂತರೆ ಅಮ್ಮ ನೆನಪಾದಳು,
ಮೆಗ್ಗಾನ್ ಆಸ್ಪತ್ರೆಯ ರಾತ್ರಿ ಪಾಳಿಯ ಆಯಾ.
ವಾರ್ಡಿನ ಬಾಗಿಲಿಗೆ ಬಕೆಟ್ಟು ಒತ್ತಿ ಇಡುತ್ತಾಳೆ,
ಮುಚ್ಚಿದರೆ ಕೆಲವರಿಗೆ ಉಸಿರು ಕಟ್ಟುತ್ತದಂತೆ.
ಅದನ್ನೇ ನನ್ನ ಮುರುಕು ಇಂಗ್ಲಿಷಿನಲ್ಲಿ ಬರೆದೆ, ಬರೆದೆ,
ಹೆಚ್ಚುವರಿ ಹಾಳೆ ಕೇಳಿ, ದಾರ ಕಟ್ಟಿ, ಮತ್ತೆ ಕೇಳಿ.
ಒಂಬತ್ತು ಪುಟ.
ಕೊನೇ ಗಂಟೆ ಹೊಡೆದಾಗ ಉಳಿದ ಪ್ರಶ್ನೆಗಳೆಲ್ಲ
ಪಂಕ್ತಿ ಸಿಗದ ನೆಂಟರ ಹಾಗೆ
ನನ್ನನ್ನೇ ನೋಡುತ್ತ ನಿಂತಿದ್ದವು.

ಈಗ ಕಾಲೇಜು.
ಹೊಳೆ ಕಡೆಯ ದೊಡ್ಡದಕ್ಕೆ ಮೊದಲು ಹೋದೆವು.
ಅಮ್ಮ ಪಾಳಿ ಮುಗಿಸಿ ಹಾಗೇ ಬಂದಿದ್ದಳು, ಸೆರಗಲ್ಲಿ ಫಿನಾಯಿಲ್.
ಗೋಡೆಗೆ ಅಂಟಿಸಿದ ಪಟ್ಟಿ ತೊಂಬತ್ತರಿಂದ ಇಳಿಯುತ್ತ ಇಳಿಯುತ್ತ
ಎಪ್ಪತ್ತೊಂದಕ್ಕೆ ನಿಂತಿತ್ತು.
ಅದರ ಕೆಳಗೆ ಬರೀ ಗೋಡೆ.

ಎರಡನೆಯದು ಖಾಸಗಿ. ಗಾಜಿನ ಬಾಗಿಲು, ಸೋಫಾ.
ಅಂಕ ಕೇಳಲೇ ಇಲ್ಲ, ಅಪ್ಪನ ಕೆಲಸ ಕೇಳಿದರು.
ಕುಕ್ಕರ್ ರಿಪೇರಿ ಅಂದೆ. ನಕ್ಕು ನೀರು ಕೊಟ್ಟರು.

"ಬಿಕಾಂ ಮಾಡು, ಇಂಗ್ಲಿಷ್ ಹೇಗೂ ಬರುತ್ತೆ"
ಅಂದರು ಬೊಮ್ಮನಕಟ್ಟೆಯ ನಮ್ಮ ಓಣಿಯವರೆಲ್ಲ,
ನೆಗಡಿ ಬರುತ್ತೆ ಅನ್ನುವ ಹಾಗೆ.

ಮೂರನೆಯದು ಹೊಸನಗರದ ದಾರಿಯಲ್ಲಿ, ಸರ್ಕಾರಿ.
ತಿರುವು ಬಂದಾಗೆಲ್ಲ ಕಿಟಕಿಗೆ ಬಾಯಿಡುವ ಮಗುವಿನ ಪಕ್ಕ ಎರಡು ಗಂಟೆ.
ಐಚ್ಛಿಕ ಇಂಗ್ಲಿಷಿಗೆ ಐದು ಜನ ಸೇರಿದ್ದಾರೆ,
ಇನ್ನಿಬ್ಬರು ಬಂದರೆ ವಿಷಯ ಉಳಿಯುತ್ತೆ, ಇಲ್ಲದಿದ್ದರೆ ಮುಚ್ಚುತ್ತಾರೆ
ಅಂದರು ಅತಿಥಿ ಉಪನ್ಯಾಸಕಿ ಗುಲ್ನಾರ್ ಮೇಡಂ,
ನಾಲ್ಕು ತಿಂಗಳಿಂದ ಸಂಬಳವಾಗದ ಚಪ್ಪಲಿಯಲ್ಲಿ ನಿಂತು.
ಅಂಕಪಟ್ಟಿ ನೋಡಿ, ಮಡಚಿ, ಕೈಯಲ್ಲೇ ಇಟ್ಟುಕೊಂಡು ಕೇಳಿದರು:
"ಇದು ಹೇಗಾಯ್ತು?"
ಹೇಳಿದೆ. ಬಾಗಿಲು, ಬಕೆಟ್ಟು, ಒಂಬತ್ತು ಪುಟ.
ಮೇಡಂ ಕಿಟಕಿ ಕಡೆ ತಿರುಗಿದರು. ನಕ್ಕರೋ ಏನೋ, ಕಾಣಲಿಲ್ಲ.
"ಒಂಬತ್ತೂ ಪುಟ ಯಾರಾದರೂ ಓದಿರಬಹುದಾ?"
ಇದನ್ನು ಯಾರೂ ಕೇಳಿರಲಿಲ್ಲ.
ನಾನೇ ಕೇಳಿಕೊಂಡಿರಲಿಲ್ಲ.

ಒಳ್ಳೇ ಕಾಲೇಜೋ ಅಲ್ಲವೋ ಗೊತ್ತಿಲ್ಲ.
ಗ್ರಂಥಾಲಯ ಅಂದರೆ ಒಂದು ಕಪಾಟು, ಅದಕ್ಕೆ ಬೀಗ,
ಕೀಲಿ ಅಟೆಂಡರ್ ಶೇಷಗಿರಿಯ ಸೊಂಟದಲ್ಲಿ,
ಶೇಷಗಿರಿ ರಜೆಯಲ್ಲಿ.
ಅಮ್ಮ ಹಾಸ್ಟೆಲಿನ ಬಚ್ಚಲು ನೋಡಿ ಬಂದು "ತೊಳೀತಾರೆ" ಅಂದಳು.
ಅವಳ ಪಾಲಿಗೆ ನ್ಯಾಕ್ ಶ್ರೇಣಿ ಅದೇ.

ಅರ್ಜಿಯ ಕೊನೆಗೆ: ಈ ವಿಷಯ ಆಯ್ದುಕೊಳ್ಳಲು ಕಾರಣ.
ಒಂದೇ ಗೆರೆಯ ಜಾಗ.
ಬರೆಯತೊಡಗಿದೆ. ಗೆರೆ ಮುಗಿಯಿತು. ಅಂಚಿಗೆ ತಿರುಗಿದೆ.
'ಕಚೇರಿ ಬಳಕೆಗೆ ಮಾತ್ರ' ಎಂಬ ಚೌಕದೊಳಕ್ಕೂ ಇಳಿದೆ.
ಗುಮಾಸ್ತ ಕನ್ನಡಕದ ಮೇಲಿಂದ ನೋಡಿ
"ಹೆಚ್ಚುವರಿ ಹಾಳೆ ಇಲ್ಲಮ್ಮ ಇಲ್ಲಿ" ಅಂದ.

ಅಮ್ಮ ಚೀಲ ತಡಕಿ
ಅಂಕಪಟ್ಟಿಯ ಜೆರಾಕ್ಸ್ ಒಂದನ್ನು ತೆಗೆದು
ಮಗುಚಿ ನನ್ನ ಮುಂದಿಟ್ಟಳು.
"ಬೇಗ ಬರಿ. ಮೂರೂವರೆ ಬಸ್ಸು ಹೋದರೆ
ಇವತ್ತು ಪಾಳಿಗೆ ಮುಟ್ಟಲ್ಲ ನಾನು."